ಕೈಚೆಲ್ಲುವುದು ಬೇರೆ, ಕೈಗೊಪ್ಪಿಸುವುದು ಬೇರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ಇವೆ: "ದೇವರಿಗೆ ಒಪ್ಪಿಸಿಬಿಡಿ." ಕಾಯಿಲೆಯಾಗಲಿ, ಸಾವಾಗಲಿ, ಮನೆಯೊಳಗಿನ ಸಂಕಟವಾಗಲಿ, ಸಭೆಯಲ್ಲಿ ಈ ಮಾತು ಹೇಳುವವರು ಬೇಕಾದಷ್ಟು ಜನ. ಒಪ್ಪಿಸುವುದು ಹೇಗೆಂದು ಹೇಳಿಕೊಡುವವರು ಕಡಿಮೆ. ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಯಜಮಾನರಿಗೆ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. "ನಿನ್ನ ಚಿತ್ತವೇ ಆಗಲಿ" ಅಂತ ದಿನಾ ಪ್ರಾರ್ಥಿಸುತ್ತೇನೆ. ಆದರೆ ಬಾಯಲ್ಲಿ ಬರುವುದು ಒಂದು, ಒಳಗಿರುವುದು ಇನ್ನೊಂದು. ಅವರು ಉಳಿಯಬೇಕು, ನನಗೆ ಬೇಕಾಗಿರುವುದು ಅಷ್ಟೇ. ಇದು ಸುಳ್ಳು ಪ್ರಾರ್ಥನೆ ಆಗುವುದಿಲ್ಲವೇ?

ಉತ್ತರ: ನೀವು ಸುಳ್ಳು ಹೇಳುತ್ತಿಲ್ಲ. ಪ್ರಾರ್ಥನೆಯ ನಡುವಿನ ಒಂದು ಮಾತನ್ನು ಬಿಟ್ಟು ನೇರ ಕೊನೆಗೆ ಹಾರುತ್ತಿದ್ದೀರಿ, ಅಷ್ಟೇ.

ಹಿಡಿದುಕೊಟ್ಟ ರಾತ್ರಿ ಯೇಸುಸ್ವಾಮಿ ಗೆತ್ಸೇಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆಯನ್ನು ಮಾರ್ಕನ ಸುವಾರ್ತೆಯ 14ನೇ ಅಧ್ಯಾಯದ 36ನೇ ವಚನದಲ್ಲಿ ನಿಧಾನವಾಗಿ ಓದಿ. ಒಂದೇ ವಚನದಲ್ಲಿ ನಾಲ್ಕು ಮಾತುಗಳಿವೆ. ಮೊದಲು "ಅಪ್ಪಾ, ತಂದೆಯೇ" ಎಂಬ ಕರೆ. ಆಮೇಲೆ, ನಿನಗೆ ಎಲ್ಲವೂ ಸಾಧ್ಯ ಎನ್ನುವುದು. ಮೂರನೆಯದು, ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೊಲಗಿಸು ಎಂಬ ಬಿಚ್ಚುಮಾತಿನ ಬೇಡಿಕೆ. ಇಷ್ಟಾದ ಮೇಲೆಯೇ ನಾಲ್ಕನೆಯದು, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ. ನಮ್ಮಲ್ಲಿ ಹೆಚ್ಚಿನವರು ಮೂರನೆಯದನ್ನು ನುಂಗಿಕೊಂಡು ನಾಲ್ಕನೆಯದಕ್ಕೆ ಬರುತ್ತೇವೆ, ಕೇಳಿದರೆ ಭಕ್ತಿ ಕಡಿಮೆಯಾದೀತೇನೋ ಎಂಬ ಅಂಜಿಕೆಯಿಂದ. ಬೇಡಿಕೆ ಒಳಗೇ ಉಳಿಯುತ್ತದೆ, ಬಾಯಿ ಬೇರೆ ಹೇಳುತ್ತದೆ. ನಿಮಗೆ ಅನ್ನಿಸುತ್ತಿರುವ ಸುಳ್ಳು ಅದೇ.

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಯೇಸುಸ್ವಾಮಿ ಒಂದೇ ಸಲ ಪ್ರಾರ್ಥಿಸಿ ಎದ್ದು ಬರಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದ. ಮೊದಲ ಸಲದ ಮಾತು "ಸಾಧ್ಯವಾದರೆ ಈ ಪಾತ್ರೆ ತೊಲಗಿಹೋಗಲಿ" ಎಂದು. ಎರಡನೇ ಸಲ ಮಾತಿನ ಧಾಟಿಯೇ ಬದಲಾಗಿದೆ: ನಾನು ಕುಡಿದ ಹೊರತು ಇದು ತೊಲಗದಿದ್ದರೆ, ನಿನ್ನ ಚಿತ್ತವಾಗಲಿ. ದೇವರ ಮಗನಿಗೇ ಒಂದು ಮಾತಿನಿಂದ ಇನ್ನೊಂದಕ್ಕೆ ಬರಲು ಹೊತ್ತು ಹಿಡಿಯಿತು. ನಡುವೆ ಎರಡು ಸಲ ಎದ್ದು ಸ್ನೇಹಿತರ ಹತ್ತಿರ ಬಂದ, ಅವರು ನಿದ್ದೆಹೋಗಿದ್ದರು. ನಿಮ್ಮ ಬಾಯಿಂದ ಮೊದಲ ವಾರವೇ ಎರಡನೇ ಪ್ರಾರ್ಥನೆ ಬರಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ನೀವೂ ಒತ್ತಾಯಿಸಿಕೊಳ್ಳಬೇಡಿ.

ಇನ್ನು ಮಾಡುವ ಬಗೆ. ಹಗಲಿನಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಹೊರಳಾಡುತ್ತಾ ಮಾಡುವುದು ಪ್ರಾರ್ಥನೆಗಿಂತ ಹೆಚ್ಚಾಗಿ ಚಿಂತೆಯೇ ಆಗಿಬಿಡುತ್ತದೆ. ಒಂದು ಕಾಗದದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಕೈಯಲ್ಲಿರುವ ಕೆಲಸ: ಮುಂದಿನ ಕೀಮೋ ದಿನಾಂಕ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಡಾಕ್ಟರಿಗೆ ಕೇಳಬೇಕಾದ ಮೂರು ಪ್ರಶ್ನೆ, ನೀವು ಊಟ ಮಾಡಿದಿರೋ ಇಲ್ಲವೋ. ಬಲಕ್ಕೆ ನಿಮ್ಮ ಕೈಯಲ್ಲಿ ಇಲ್ಲದ್ದು: ಸ್ಕ್ಯಾನ್ ಏನು ಹೇಳುತ್ತದೆ, ಗೆಡ್ಡೆ ಕರಗುತ್ತದೋ ಇಲ್ಲವೋ, ಎಷ್ಟು ವರ್ಷ. ಒಪ್ಪಿಸಬೇಕಾದದ್ದು ಬಲಗಡೆಯದು ಮಾತ್ರ. ಎಡಗಡೆಯದನ್ನೂ ದೇವರ ಮೇಲೆ ಹಾಕಿ ಕೂತರೆ ಅದು ಕೈಚೆಲ್ಲುವುದು. ಬಲಗಡೆಯದನ್ನು ಕೈಬಿಡದೆ ಹಿಡಿದುಕೊಂಡರೆ ನಿದ್ದೆ ಹೋಗುತ್ತದೆ, ಫಲಿತಾಂಶ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬಲಗಡೆಯದರಲ್ಲಿ ಒಂದನ್ನು ಆರಿಸಿ, ಆ ನಾಲ್ಕು ಮಾತುಗಳ ಕ್ರಮದಲ್ಲೇ ಹೇಳಿ. "ನನ್ನ ಬದುಕನ್ನೆಲ್ಲ ಒಪ್ಪಿಸುತ್ತೇನೆ" ಅನ್ನಬೇಡಿ, ಅಷ್ಟು ದೊಡ್ಡದು ಕೈಗೆ ಸಿಗುವುದಿಲ್ಲ. "ಗುರುವಾರದ ಸ್ಕ್ಯಾನ್ ರಿಪೋರ್ಟ್" ಅನ್ನಿ.

ಕೆಡುವುದು ಸಾಮಾನ್ಯವಾಗಿ ಒಂದು ಕಡೆ. ಒಪ್ಪಿಸುವುದನ್ನೇ ವ್ಯಾಪಾರ ಮಾಡಿಕೊಳ್ಳುವುದು: ನಾನು ಒಪ್ಪಿಸಿದ್ದೇನೆ, ಈಗ ನೀನು ಗುಣಮಾಡು. ಇದು ನಡೆಯುತ್ತಿದೆ ಎಂದು ಗೊತ್ತಾಗುವುದು ಹೇಗೆಂದರೆ, ರಿಪೋರ್ಟ್ ಕೆಟ್ಟದಾಗಿ ಬಂದಾಗ ದುಃಖಕ್ಕಿಂತ ಮೊದಲು ಮೋಸಹೋದ ಸಿಟ್ಟು ಬರುತ್ತದೆ. ಬಂದರೆ ಗಾಬರಿಯಾಗಬೇಡಿ, ಆ ಸಿಟ್ಟನ್ನೇ ಹೇಳಿ. ಹೇಗೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಗು ತೀರಿಕೊಂಡು ಐದು ತಿಂಗಳಾಯಿತು. ದೇವರ ಮೇಲೆ ನನಗೆ ಬಹಳ ಕೋಪವಿದೆ. ಸಭಾಪಾಲಕರಿಗೆ ಹೇಳಿದರೆ "ಗೊಣಗುವುದು ಪಾಪ, ಇಸ್ರಾಯೇಲ್ಯರು ಅರಣ್ಯದಲ್ಲಿ ಗೊಣಗಿ ನಾಶವಾದರು" ಎಂದರು. ಅಂದಿನಿಂದ ಪ್ರಾರ್ಥನೆಯನ್ನೇ ಬಿಟ್ಟಿದ್ದೇನೆ.

ಉತ್ತರ: ಅವರು ಎರಡು ಬೇರೆ ಸಂಗತಿಗಳನ್ನು ಒಂದು ಮಾಡಿದ್ದಾರೆ. ಅರಣ್ಯದಲ್ಲಿ ಜನ ಗೊಣಗಿದ್ದು ತಮ್ಮತಮ್ಮ ಡೇರೆಗಳಲ್ಲಿ ಕೂತು, ದೇವರ ಬಗ್ಗೆ, ಒಬ್ಬರಿಗೊಬ್ಬರು. ಅದು ಬೆನ್ನ ಹಿಂದಿನ ಮಾತು. ಮುಖಕ್ಕೆ ಹೇಳುವ ಮಾತಿಗೆ ಬೈಬಲಿನಲ್ಲಿ ಬೇರೆಯೇ ಸ್ಥಾನವಿದೆ. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಮೊರೆಯ, ದೂರಿನ ಕೀರ್ತನೆಗಳೇ. ಅವು ಆಲಯದಲ್ಲಿ ಹಾಡಲು ಇಟ್ಟುಕೊಂಡಿದ್ದ ಹಾಡುಗಳು, ಯಾರೋ ಬಾಯಿತಪ್ಪಿ ಆಡಿದ ಮಾತುಗಳಲ್ಲ. ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡ ಯೋಬನ ಗ್ರಂಥದ ಕೊನೆಗೆ, 42:7ರಲ್ಲಿ, ದೇವರು ಸಿಟ್ಟಾಗುವುದು ದೇವರ ಪರವಾಗಿ ಅಚ್ಚುಕಟ್ಟಾಗಿ ವಾದಿಸಿದ ಸ್ನೇಹಿತರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎನ್ನುತ್ತಾನೆ, ಅದೂ ಹುಟ್ಟಿದ ದಿನವನ್ನು ಶಪಿಸಿ, ದೇವರನ್ನೇ ವ್ಯಾಜ್ಯಕ್ಕೆ ಕರೆದ ಯೋಬ.

13ನೇ ಕೀರ್ತನೆಯನ್ನು ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎರಡು ಸಲ ದೇವರ ಕಡೆಗೆ: ಎಷ್ಟರವರೆಗೆ ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡಿಕೊಳ್ಳುತ್ತೀ. ಒಂದು ಸಲ ತನ್ನೊಳಗಿನ ನೋವಿನ ಕಡೆಗೆ. ಒಂದು ಸಲ ಹೊರಗಿನ ವೈರಿಯ ಕಡೆಗೆ. ದುಃಖ ಬರುವ ಮೂರು ದಿಕ್ಕುಗಳನ್ನೂ ಕವಿ ಮುಟ್ಟಿದ್ದಾನೆ. 3 ಮತ್ತು 4ನೇ ವಚನ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಕಳೆ ಕೊಡು. 5ರಿಂದ ಭರವಸೆ. ಇಲ್ಲಿ ಗಮನಿಸಬೇಕಾದದ್ದು, 4ಕ್ಕೂ 5ಕ್ಕೂ ನಡುವೆ ಹೊರಗೆ ಏನೂ ಬದಲಾಗಿಲ್ಲ. ವೈರಿ ಅಲ್ಲೇ ಇದ್ದಾನೆ. ಆ ಎರಡು ವಚನಗಳ ನಡುವೆ ಎಷ್ಟು ದಿನ ಕಳೆದವು ಎಂದೂ ಕೀರ್ತನೆ ಹೇಳುವುದಿಲ್ಲ.

ನಿಮ್ಮ ಮಗುವಿಗಾಗಿ ನೀವೇ ಒಂದು ಬರೆಯಿರಿ. ಇಪ್ಪತ್ತು ನಿಮಿಷ, ಎಂಟೋ ಹತ್ತೋ ಸಾಲು ಸಾಕು. ಮೊದಲು ಹೆಸರು ಹಿಡಿದು ದೇವರನ್ನು ಕರೆಯಿರಿ. ಆಮೇಲೆ ದೂರು, ಪಾಲಿಶ್ ಮಾಡದೆ. "ಅವಳ ಬಟ್ಟೆಗಳನ್ನು ಏನು ಮಾಡಲಿ" ಎಂಬುದೂ ದೂರೇ. ಆಮೇಲೆ ಏನು ಬೇಕೋ ಅದು. ನಾಲ್ಕನೆಯದಾಗಿ ಭರವಸೆಯ ಒಂದು ಸಾಲು, ಅದು ಬಂದರೆ ಮಾತ್ರ. ಬರದಿದ್ದರೆ ಆ ಜಾಗ ಖಾಲಿ ಬಿಡಿ, ತಾರೀಖು ಹಾಕಿ ಇಡಿ. ಒತ್ತಾಯದಿಂದ ಬರೆದ ಸ್ತೋತ್ರ ಮರುದಿನ ಓದಿದಾಗ ಬೇರೆ ಯಾರೋ ಬರೆದಂತೆ ಕಾಣುತ್ತದೆ. 88ನೇ ಕೀರ್ತನೆಯಲ್ಲಿ ಆ ನಾಲ್ಕನೆಯ ಭಾಗ ಇಲ್ಲವೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ "ಕತ್ತಲೆ". ಹಾಗಿದ್ದೂ ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ.

ಬರೆಯುವುದರಿಂದ ಏನು ಲಾಭ ಎನ್ನುವವರು ಪ್ರಲಾಪಗಳ ಪುಸ್ತಕ ನೋಡಬಹುದು. ಯೆರೂಸಲೇಮ್ ಸುಟ್ಟುಹೋದ ಮೇಲಿನ ಅಳು ಅದು. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ. ಮೂರನೆಯ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೆ ಮೂರು ವಚನ, ಒಟ್ಟು 66. ಎದೆಯೊಡೆದು ಅಳುತ್ತಿದ್ದವನು ಅಕ್ಷರಮಾಲೆ ಹಿಡಿದು ಕೂತದ್ದೇಕೆ? ಅಳುವಿಗೂ ಒಂದು ದಡ ಬೇಕು. ಕೊನೆಯ ಅಕ್ಷರ ಮುಟ್ಟಿದಾಗ ಇವತ್ತಿಗೆ ಎದ್ದೇಳಬಹುದು.

ಪ್ರಾರ್ಥನೆ ಬಿಟ್ಟಿದ್ದೇನೆ ಎಂದಿರಿ. ಈ ಪತ್ರ ಬರೆದದ್ದನ್ನೇ ಸ್ವಲ್ಪ ತಿರುಗಿಸಿ ದೇವರಿಗೆ ಬರೆದರೆ ಅದು ಪ್ರಾರ್ಥನೆಯೇ.

ಪ್ರಶ್ನೆ: ಯಾವ ಪಾಪಕ್ಕಾಗಿ ನಮಗೆ ಈ ಕಷ್ಟ?

ಉತ್ತರ: ಇದೇ ಪ್ರಶ್ನೆಯನ್ನು ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ ಕೇಳಿದರು: ಇವನ ಪಾಪವೋ, ತಂದೆತಾಯಿಯದೋ? ಎರಡೂ ಅಲ್ಲ ಎಂದ ಯೇಸುಸ್ವಾಮಿ (ಯೋಹಾನ 9:3). ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರು ಊರಿನ ಉಳಿದವರಿಗಿಂತ ಹೆಚ್ಚು ತಪ್ಪುಗಾರರಲ್ಲ ಎಂದ. ಕುಡಿದು ಗಾಡಿ ಓಡಿಸಿ ಕಾಲು ಮುರಿದುಕೊಂಡರೆ ಕಾರಣ ಎದುರಿಗೇ ಇದೆ, ಅದನ್ನು ಒಪ್ಪಿಕೊಂಡು ತಿದ್ದಿಕೊಳ್ಳಬೇಕು. ಕಾರಣ ಕಾಣದ ಕಡೆ ಹಳೆಯ ಪಾಪಗಳ ಪಟ್ಟಿ ಹಿಡಿದು ಹುಡುಕುವುದು ಬೇಡ. ಯೋಬನಿಗೆ ದೇವರು ನಾಲ್ಕು ಅಧ್ಯಾಯಗಳಷ್ಟು ಮಾತಾಡಿದ, ಭೂಮಿಯ ಅಸ್ತಿವಾರದಿಂದ ಹಿಡಿದು ಉಷ್ಟ್ರಪಕ್ಷಿಯವರೆಗೆ. ಕಾರಣವನ್ನು ಮಾತ್ರ ಕೊನೆವರೆಗೂ ಹೇಳಲಿಲ್ಲ.

ಪ್ರಶ್ನೆ: ತಮ್ಮನಿಗೆ ಮೂರ್ಛೆರೋಗ. ಒಂದು ಪ್ರಾರ್ಥನಾಕೂಟದಲ್ಲಿ "ಪೂರ್ಣ ಒಪ್ಪಿಸಿಕೊಟ್ಟವನು ಮಾತ್ರೆ ನುಂಗುವುದಿಲ್ಲ" ಎಂದರಂತೆ. ಎರಡು ದಿನದಿಂದ ಮಾತ್ರೆ ನಿಲ್ಲಿಸಿದ್ದಾನೆ.

ಉತ್ತರ: ಮೊದಲು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಡೋಸ್ ತಪ್ಪಿದೆ ಎಂದು ಹೇಳಿ, ಅವರು ಹೇಳಿದಂತೆ ಮತ್ತೆ ಶುರುಮಾಡಿಸಿ. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು. ಐದು ನಿಮಿಷ ದಾಟಿದ ಫಿಟ್ಸ್ ಎಂದರೆ ನೇರ ಆಸ್ಪತ್ರೆ. ಫಿಟ್ಸ್ ಬರುವ ಹೊತ್ತಿಗೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. ಇನ್ಸುಲಿನ್, ದೀರ್ಘಕಾಲದ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಮಾತ್ರೆಗಳು, ಇವನ್ನೂ ಹೀಗೆ ತಟ್ಟನೆ ಬಿಡುವಂತಿಲ್ಲ. ಕ್ಷಯದ ಔಷಧಿಯನ್ನು ನಡುವೆ ಬಿಟ್ಟರೆ ರೋಗಾಣು ಔಷಧಿಗೇ ಬಗ್ಗದ ಹಾಗಾಗಬಹುದು.

ಇನ್ನು ವಚನದ ವಿಷಯ. ತಿಮೊಥೆಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದವನು ಪೌಲನೇ, ಅದು ಆ ಕಾಲದ ಔಷಧಿ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಎಂದು ಮುಚ್ಚುಮರೆ ಇಲ್ಲದೆ ಬರೆದವನೂ ಅವನೇ. ಅವನ ಜೊತೆಗಾರ ಲೂಕ ವೈದ್ಯ. ಗುಣವಾಗಿದೆ ಎಂದು ಅನ್ನಿಸಿದರೆ ಏನು ಮಾಡಬೇಕು ಎಂಬುದಕ್ಕೂ ದಾರಿ ಇದೆ. ಹತ್ತು ಕುಷ್ಠರೋಗಿಗಳಿಗೆ ಯೇಸುಸ್ವಾಮಿ ಹೇಳಿದ ಮಾತು, ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಪರೀಕ್ಷಿಸಿ ಶುದ್ಧ ಎಂದು ಹೇಳಬೇಕಾದವರು ಅವರು. ಈಗ ಆ ಪರೀಕ್ಷೆ ಮಾಡುವವರು ಡಾಕ್ಟರು. ಮಾತ್ರೆ ಇಳಿಸುವುದೂ ನಿಲ್ಲಿಸುವುದೂ ಅವರ ಕೈಯಲ್ಲಿ, ಹಂತಹಂತವಾಗಿ.

ಪ್ರಾರ್ಥನೆ ಬೇಕೆಂದರೆ ಯಾಕೋಬನ ಪತ್ರಿಕೆ 5:14 ಹೇಳಿದ ಕ್ರಮ ಇದೆ. ರೋಗಿಯೇ ಸಭೆಯ ಹಿರಿಯರನ್ನು ಕರೆಸಬೇಕು. ಒಬ್ಬರನ್ನಲ್ಲ, ಹಿರಿಯರನ್ನು. ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು. ಮುಂದಿನ ವಚನದ "ನಂಬಿಕೆಯ ಪ್ರಾರ್ಥನೆ" ಪ್ರಾರ್ಥಿಸಲು ಬಂದವರದು. ಹಾಗಾಗಿ ಗುಣವಾಗದಿದ್ದಾಗ "ನಿನಗೇ ನಂಬಿಕೆ ಸಾಲದು" ಎಂದು ರೋಗಿಯ ತಲೆಗೆ ಕಟ್ಟಲು ಈ ವಚನದಲ್ಲಿ ಆಧಾರವಿಲ್ಲ. ಕಥೋಲಿಕ ಸಭೆಯಲ್ಲಿ ಇದು ಸಂಸ್ಕಾರವೇ ಆಗಿದೆ. ಗುರುಗಳು ಹಣೆಗೂ ಅಂಗೈಗಳಿಗೂ ತೈಲ ಹಚ್ಚುತ್ತಾರೆ. 1972ರಲ್ಲಿ ಆರನೇ ಪೌಲ್ ಪೋಪ್ ಇದರ ವಿಧಿಯನ್ನು ಪರಿಷ್ಕರಿಸಿದರು. ಸಾಯುವ ಗಳಿಗೆಯವರೆಗೆ ಕಾಯಬೇಕಿಲ್ಲ, ದೊಡ್ಡ ಆಪರೇಷನ್ನಿಗೆ ಮುಂಚೆಯೂ ಕೇಳಿ ಪಡೆಯಬಹುದು. ಈಗಲೂ ಗುರುಗಳು ಬಂದರೆಂದರೆ ಕಥೆ ಮುಗಿಯಿತು ಎಂದು ಹೆದರಿ ಕೊನೆಗಳಿಗೆಯವರೆಗೆ ತಡೆಹಿಡಿಯುವ ಮನೆಗಳಿವೆ. ಆ ಹೊತ್ತಿಗೆ ರೋಗಿಗೆ ಪ್ರಜ್ಞೆಯೇ ಇರುವುದಿಲ್ಲ.

ಪ್ರಶ್ನೆ: ಗಂಡ ಹೊಡೆಯುತ್ತಾರೆ. ಹಿರಿಯರಿಗೆ ಹೇಳಿದರೆ "ಇದು ನಿನ್ನ ಶಿಲುಬೆ, ಹೊತ್ತುಕೋ ಅಮ್ಮಾ" ಎನ್ನುತ್ತಾರೆ. ಬಿಟ್ಟು ಹೋದರೆ ದೇವರಿಗೆ ಅವಿಧೇಯಳಾಗುತ್ತೇನೆಯೇ?

ಉತ್ತರ: ಇಲ್ಲ.

ಶಿಲುಬೆ ಎನ್ನುವುದು ಕ್ರಿಸ್ತನನ್ನು ಹಿಂಬಾಲಿಸಲು ತಾನಾಗಿ ಹೊರುವಂಥದ್ದು. "ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ" ಎಂದು ಯೇಸುಸ್ವಾಮಿ ಹೇಳಿದ್ದು ಅದಕ್ಕೇ. ಇನ್ನೊಬ್ಬರ ಮುಷ್ಟಿಗೆ ಆ ಹೆಸರು ಕೊಡಬಾರದು. ಹೆರೋದ ಅರಸ ಮಗುವನ್ನು ಕೊಲ್ಲಲು ಹವಣಿಸಿದಾಗ ಯೋಸೇಫ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೊರಟ. ನಜರೇತಿನವರು ಬೆಟ್ಟದ ಅಂಚಿನಿಂದ ತಳ್ಳಲು ನೋಡಿದಾಗ ಯೇಸುಸ್ವಾಮಿ ಅವರ ನಡುವಿನಿಂದ ದಾಟಿ ಹೋದ. ದಮಸ್ಕದಲ್ಲಿ ಪೌಲ ಬುಟ್ಟಿಯಲ್ಲಿ ಕೂತು ಗೋಡೆಯಿಂದ ಇಳಿದ. ಮುಂದೊಮ್ಮೆ ಚಾವಟಿಗೆ ಕಟ್ಟಿದಾಗ, ರೋಮಿನ ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನ್ಯಾಯವೇ ಎಂದು ಕಾನೂನನ್ನೇ ಎತ್ತಿ ಹಿಡಿದ. ಇವರೆಲ್ಲ ದೇವರಿಗೆ ಒಪ್ಪಿಸಿಕೊಂಡವರೇ.

ಮಾಡಬೇಕಾದದ್ದು: ನಂಬಿಕಸ್ಥರೊಬ್ಬರಿಗೆ, ಆದಷ್ಟು ಅವರ ಕಡೆಯವರಲ್ಲದವರಿಗೆ, ಎಲ್ಲವನ್ನೂ ಹೇಳಿಡಿ. ಗಾಯವಾದಾಗ ಡಾಕ್ಟರಿಗೆ ತೋರಿಸಿ, ಹೇಗಾಯಿತೆಂದು ನಿಜವನ್ನೇ ಬರೆಸಿ. ತಾರೀಖು ಇರುವ ಫೋಟೋ ಇರಲಿ, ನಿಮ್ಮ ಫೋನಿನಲ್ಲಷ್ಟೇ ಅಲ್ಲ, ಇನ್ನೊಬ್ಬರ ಹತ್ತಿರವೂ. ಗುರುತಿನ ಚೀಟಿ, ಮಕ್ಕಳ ಕಾಗದಪತ್ರ, ಸ್ವಲ್ಪ ಹಣ, ಇನ್ನೊಂದು ಬೀಗದ ಕೈ ಒಂದೆಡೆ ಇಡಿ. ಹೋಗುತ್ತೇನೆ ಎಂದು ಜಗಳದ ನಡುವೆ ಹೇಳಬೇಡಿ. ಬಿಟ್ಟುಹೋಗುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಕತ್ತು ಹಿಸುಕಿದ್ದರೆ, ಆಯುಧ ತೋರಿಸಿದ್ದರೆ, ಯೋಚಿಸುತ್ತಾ ಕೂರುವ ಹಂತ ದಾಟಿದೆ. ಪೊಲೀಸರಿಗೆ ತಿಳಿಸಿ.

ಇಬ್ಬರನ್ನೂ ಎದುರುಬದುರು ಕೂರಿಸಿ "ರಾಜಿ ಪ್ರಾರ್ಥನೆ" ಮಾಡಿಸಲು ಕರೆದರೆ ಒಪ್ಪಬೇಡಿ. ಅವರೆದುರು ನಿಜ ಹೇಳಿದ್ದಕ್ಕೆ ಮನೆಗೆ ಬಂದ ಮೇಲೆ ಬೆಲೆ ತೆರುವವರು ನೀವು. ಕ್ಷಮಿಸುವುದು ನಿಮ್ಮ ಹೃದಯದ ಕೆಲಸ, ದೂರದಿಂದಲೂ ಮಾಡಬಹುದು. ಅದಕ್ಕೆ ಅದೇ ಮನೆಗೆ ಮರಳಬೇಕೆಂಬ ಷರತ್ತಿಲ್ಲ. ಹಿರಿಯರಿಗೂ ಒಂದು ಮಾತು: ಈ ಸಲಹೆ ಕೊಡುವ ಮುಂಚೆ ಆ ಹೆಣ್ಣುಮಗಳು ನಿಮ್ಮ ಸ್ವಂತ ಮಗಳಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ನೋಡಿಕೊಳ್ಳಿ.

ಪ್ರಶ್ನೆ: ಕೆಲಸ ಹೋಯಿತು, ಸಾಲವೂ ಇದೆ. ಪ್ರಾರ್ಥನೆಗೆ ಕೂತರೆ ಗೋಡೆಯೊಂದಿಗೆ ಮಾತಾಡಿದ ಹಾಗೆ. ಮೊದಲಿದ್ದ ಸಂತೋಷ ಇಲ್ಲ. ಸಭೆಯಲ್ಲಿ ವಹಿಸಿಕೊಂಡಿದ್ದ ಸಂಡೇ ಸ್ಕೂಲ್ ಕೆಲಸ ಬಿಟ್ಟುಬಿಡಲೇ?

ಉತ್ತರ: ಈಗ ಬಿಡಬೇಡಿ. ಅಂದರೆ ಯಾವತ್ತೂ ಬಿಡಬಾರದು ಎಂದಲ್ಲ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆ ಹಿಡಿದ, ಮುಂದೆ ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ, ಮನಸ್ಸಿನ ಏರಿಳಿತಗಳನ್ನು ಗಮನಿಸಿ ಮುಂದೆ ಕೆಲವು ನಿಯಮಗಳನ್ನು ಬರೆದಿಟ್ಟರು. ಅದರಲ್ಲಿ ಒಂದು: ಒಳಗೆ ಬರಡಾಗಿರುವ ಕಾಲದಲ್ಲಿ ಬದಲಾವಣೆ ಮಾಡಬೇಡ, ಬೆಳಕಿದ್ದಾಗ ತೆಗೆದುಕೊಂಡ ತೀರ್ಮಾನಕ್ಕೆ ಅಂಟಿಕೊಂಡಿರು. ದಣಿವು ನಿಜವಾದರೆ ಒಂದು ತಿಂಗಳ ರಜೆ ಕೇಳಿ, ಬಿಡುವ ಮಾತು ಬೆಳಕು ಬಂದ ಮೇಲೆ.

ಬರಡುತನಕ್ಕೆ ಕಾರಣ ಒಂದೇ ಅಲ್ಲ. ಶಿಲುಬೆಯ ಸಂತ ಯೊವಾನ್ನ (ಸ್ಪೇನಿನ ಕಾರ್ಮೆಲ್ ಸಂಸ್ಥೆಯ ಸಂನ್ಯಾಸಿ), 1577ರ ಡಿಸೆಂಬರಿನಿಂದ ಸುಮಾರು ಒಂಬತ್ತು ತಿಂಗಳು ಟೊಲೆಡೊದಲ್ಲಿ ತಮ್ಮದೇ ಸಂಸ್ಥೆಯವರ ಸೆರೆಯಲ್ಲಿದ್ದವರು, ಇದನ್ನು ಬೇರ್ಪಡಿಸಲು ಮೂರು ಗುರುತು ಕೊಟ್ಟರು. ದೇವರ ವಿಷಯದಲ್ಲೂ ರುಚಿಯಿಲ್ಲ, ಲೋಕದ ವಿಷಯದಲ್ಲೂ ಇಲ್ಲ. ದೇವರ ಸೇವೆಯಲ್ಲಿ ಹಿಂದೆ ಬಿದ್ದೆನೇ ಎಂಬ ಕಳವಳ ಇದೆ. ಮೊದಲಿನ ಹಾಗೆ ಧ್ಯಾನ ಮಾಡಲು ಪ್ರಯತ್ನಿಸಿದರೂ ಆಗುತ್ತಿಲ್ಲ. ಮೂರೂ ಒಟ್ಟಿಗಿದ್ದರೆ ಅದು ದೇವರೇ ನಡೆಸುವ ಕತ್ತಲ ದಾರಿ ಇರಬಹುದು. ಪ್ರಾರ್ಥನೆಯಲ್ಲಿ ಬೇಸರ, ಮೊಬೈಲಿನಲ್ಲಿ ಮಾತ್ರ ಉಲ್ಲಾಸ ಎಂದಾದರೆ ಅದು ಬರೀ ಉದಾಸೀನ, ನಿಗದಿ ಸಮಯಕ್ಕೆ ಕೂತರೆ ಸರಿಹೋಗುತ್ತದೆ. ಬೇಕಾದರೆ ಆ ಸಮಯಕ್ಕೆ ಒಂದು ನಿಮಿಷ ಸೇರಿಸಿ ಕೂರಿ, ಕಳೆಯಬೇಡಿ.

ಇದಲ್ಲದೆ ಖಿನ್ನತೆ ಎಂಬ ಕಾಯಿಲೆಯೂ ಇದೆ, ಅದಕ್ಕೆ ಈ ಗುರುತುಗಳು ಸಾಲವು. ಎರಡು ವಾರಕ್ಕಿಂತ ಹೆಚ್ಚು ದಿನ ಪೂರ್ತಿ ಮಂಕು, ನಿದ್ದೆ ಹಸಿವು ಏರುಪೇರು, ಚಿಕ್ಕ ಕೆಲಸಕ್ಕೂ ಮೈ ಏಳದಿದ್ದರೆ ಡಾಕ್ಟರನ್ನು ನೋಡಿ. ಸಾಯಬೇಕು ಅನ್ನಿಸಿದರೆ ಅವತ್ತೇ ನೋಡಿ, ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ಪ್ರವಾದಿ ಎಲೀಯ ಜಾಲಿಯ ಗಿಡದ ಕೆಳಗೆ ಕೂತು "ಸಾಕು, ಪ್ರಾಣ ತೆಗೆದುಕೋ" ಎಂದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ. ಮತ್ತೆ ಎಬ್ಬಿಸಿ ಮತ್ತೆ ಊಟ. ದೇವರು ಅವನೊಂದಿಗೆ ಮಾತಿಗೆ ಇಳಿದದ್ದು ಅದಾಗಿ 40 ದಿನದ ನಡಿಗೆ ಮುಗಿದ ಮೇಲೆ. ಈ ಸ್ಥಿತಿಯಲ್ಲಿ ಉಪವಾಸ ಪ್ರಾರ್ಥನೆಗೆ ಒತ್ತಾಯಿಸುವವರಿಗೆ ಈ ಅಧ್ಯಾಯ ತೋರಿಸಿ, 1 ಅರಸುಗಳು 19.

ಪ್ರಶ್ನೆ: ಕಷ್ಟಕ್ಕಾಗಿ ದೇವರಿಗೆ ವಂದನೆ ಹೇಳಬೇಕೇ?

ಉತ್ತರ: ಕಷ್ಟದ ನಡುವೆ ಹೇಳಬಹುದು. ಕೆಡುಕನ್ನೇ ಒಳ್ಳೆಯದೆಂದು ಕರೆಯಬೇಕಿಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಸಾವಿಗೆ ವಂದನೆ ಹೇಳಲಿಲ್ಲ, ಅತ್ತ. ತಂದೆಗೆ ವಂದನೆ ಹೇಳಿದ್ದು ತನ್ನ ಮೊರೆಗೆ ಕಿವಿಗೊಟ್ಟದ್ದಕ್ಕೆ. ಪೌಲ ಮರಣವನ್ನು ಕಡೆಯ ಶತ್ರು ಎಂದೇ ಕರೆದ.

ಪ್ರಶ್ನೆ: ನಮ್ಮ ಯುವಜನ ಸಂಘದಿಂದ ರೋಗಿಗಳನ್ನು ನೋಡಲು ಹೋಗುತ್ತೇವೆ. ಏನು ಹೇಳಬೇಕು?

ಉತ್ತರ: ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಕೆಟ್ಟದ್ದು ಬಾಯಿ ತೆರೆದ ಮೇಲೆ.

ಇಬ್ಬರಿಗಿಂತ ಹೆಚ್ಚು ಜನ ಒಳಗೆ ಹೋಗಬೇಡಿ. ಹದಿನೈದು ನಿಮಿಷ ಸಾಕು. ನಿಂತು ಮಾತಾಡಬೇಡಿ, ರೋಗಿಯ ಕಣ್ಣಿನ ಮಟ್ಟಕ್ಕೆ ಕುರ್ಚಿ ಎಳೆದು ಕೂರಿ. ಪ್ರಾರ್ಥಿಸಲೇ ಎಂದು ಕೇಳಿ, ಬೇಡ ಎಂದರೆ ಬೇಸರಿಸಬೇಡಿ. ಯಾವುದಕ್ಕಾಗಿ ಪ್ರಾರ್ಥಿಸಲಿ ಎಂದೂ ಕೇಳಿ. "ಇವತ್ತು ರಾತ್ರಿ ವಾಂತಿ ಆಗದಿರಲಿ" ಎಂದರೆ ಅದನ್ನೇ ಕೇಳಿಕೊಳ್ಳಿ, ಲೋಕಕ್ಷೇಮಕ್ಕೆ ಹೋಗಬೇಡಿ. ಎರಡು ನಿಮಿಷ ದಾಟಬಾರದು. ಪ್ರಾರ್ಥನೆಯ ನೆಪದಲ್ಲಿ ಉಪದೇಶ ಮಾಡುವುದು ನಮ್ಮವರ ಹಳೆಯ ಚಾಳಿ. ಕಣ್ಣುಮುಚ್ಚಿದ ರೋಗಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ.

"ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ" ಎಂಬ ರೋಮಾಪುರದ 8:28ನ್ನು ಮೊದಲ ಭೇಟಿಯಲ್ಲೇ ಎತ್ತಬೇಡಿ. ಪೌಲ ಆ ಮಾತಿಗೆ ಬರುವ ಮುಂಚೆ ಅದೇ ಅಧ್ಯಾಯದಲ್ಲಿ ಮೂರು ನರಳಾಟಗಳನ್ನು ದಾಟಿ ಬಂದಿದ್ದಾನೆ: ಸೃಷ್ಟಿ ನರಳುತ್ತದೆ, ನಾವು ನರಳುತ್ತೇವೆ, ಪವಿತ್ರಾತ್ಮನೂ ಮಾತಿಲ್ಲದೆ ನರಳುತ್ತಾನೆ. 28ನೇ ವಚನ ರೋಗಿಯ ಬಾಯಿಂದ ಬರಬೇಕಾದದ್ದು, ಹಣ್ಣಿನ ಚೀಲದ ಜೊತೆ ಹೊರಗಿನವರು ತಂದುಕೊಡುವಂಥದ್ದಲ್ಲ. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವುದೂ ಬೇಡ, ಯಾರೂ ಹೇಳುವುದಿಲ್ಲ. "ಮಂಗಳವಾರ ಮಕ್ಕಳನ್ನು ಶಾಲೆಯಿಂದ ನಾನು ಕರೆತರುತ್ತೇನೆ" ಅನ್ನಿ.

ಪ್ರಶ್ನೆ: ರಾತ್ರಿ ಒಪ್ಪಿಸಿ ಮಲಗುತ್ತೇನೆ, ಬೆಳಿಗ್ಗೆ ಎದ್ದರೆ ಭಯ ಮತ್ತೆ ಎದೆಯ ಮೇಲೆ ಕೂತಿರುತ್ತದೆ. ನನ್ನದು ಒಪ್ಪಿಸಿದ ಲೆಕ್ಕವೇ ಅಲ್ಲವೇ?

ಉತ್ತರ: ಲೆಕ್ಕಕ್ಕಿದೆ. "ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ" ಎಂಬ 1 ಪೇತ್ರ 5:7ರಲ್ಲಿನ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಇದೆ. ಲೂಕ 19:35, ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೇಮರಿಯ ಮೇಲೆ ಹಾಕಿದ ಜಾಗ. ಹೊರುವ ಪ್ರಾಣಿಯ ಬೆನ್ನಿಗೆ ಹೊರೆ ಎತ್ತಿಹಾಕುವ ಚಿತ್ರ. ಅದೇ ಪತ್ರಿಕೆಯ 2:23ರಲ್ಲಿ, ಯೇಸುಸ್ವಾಮಿ ನ್ಯಾಯವಾಗಿ ತೀರ್ಪು ಮಾಡುವವನಿಗೆ ತನ್ನನ್ನು ಒಪ್ಪಿಸಿದ ಎಂಬ ಕಡೆ, ಮೂಲದ ಕ್ರಿಯಾಪದ ಒಂದೇ ಸಲ ಮುಗಿದ ಕ್ರಿಯೆಯದಲ್ಲ. ಒಪ್ಪಿಸುತ್ತಲೇ ಇದ್ದ ಎಂಬ ಅರ್ಥದ್ದು. ಬೈಗುಳ ಮತ್ತೆ ಮತ್ತೆ ಬಂತು, ಒಪ್ಪಿಸುವುದೂ ಮತ್ತೆ ಮತ್ತೆ ಆಯಿತು. ಹಾಗಾಗಿ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆ ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಫೋನ್ ಮುಟ್ಟುವ ಮೊದಲು. ನಿನ್ನೆಯದು ಸೋತಿತು ಎಂದುಕೊಳ್ಳಬೇಡಿ, ಅದು ನಿನ್ನೆಗಾಗಿತ್ತು. ಮೆಥೋಡಿಸ್ಟ್ ಸಭೆಗಳಲ್ಲಿ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಇದೆ. ಕೆಲಸಕ್ಕಾದರೂ ಹಚ್ಚು, ಕಷ್ಟಕ್ಕಾದರೂ ಒಡ್ಡು ಎಂದು ಇಡೀ ಸಭೆ ಒಂದೇ ದನಿಯಲ್ಲಿ ಹೇಳುತ್ತದೆ. ಅದನ್ನೂ ವರ್ಷವರ್ಷ ಹೊಸದಾಗಿಯೇ ಹೇಳುತ್ತಾರೆ.

ಪ್ರಶ್ನೆ: ಅಮ್ಮನಿಗೆ ಕೊನೆಯ ದಿನಗಳು ಎಂದಿದ್ದಾರೆ. ಮಾತು ನಿಂತಿದೆ. ಪಕ್ಕದಲ್ಲಿ ಕೂತು ಏನು ಓದಲಿ?

ಉತ್ತರ: ಉದ್ದದ ಅಧ್ಯಾಯ ಬೇಡ. 23ನೇ ಕೀರ್ತನೆ, ಅಥವಾ 121. ಅವರು ಯಾವ ಭಾಷಾಂತರದಲ್ಲಿ ಬಾಯಿಪಾಠ ಮಾಡಿದ್ದರೋ ಅದರಲ್ಲೇ ಓದಿ, ಹೊಸದು ಸುಲಭವಾಗಿದ್ದರೂ ಬೇಡ. ಉತ್ತರ ಕೊಡಲಾರದಿದ್ದರೂ ಕೇಳಿಸುತ್ತಿರಬಹುದು ಎಂದೇ ನಡೆದುಕೊಳ್ಳಿ. ಹಾಸಿಗೆಯ ಪಕ್ಕದಲ್ಲಿ ಆಸ್ತಿಯ ಮಾತು, ಆಸ್ಪತ್ರೆ ಬಿಲ್ಲಿನ ಮಾತು ಬೇಡ.

ಎಲ್ಲಕ್ಕಿಂತ ಚಿಕ್ಕದು 31ನೇ ಕೀರ್ತನೆಯ ಐದನೇ ವಚನದ ಮೊದಲರ್ಧ: "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ." ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲೆ ಯೇಸುಸ್ವಾಮಿಯ ಕಡೆಯ ಮಾತು ಇದೇ, ಮೊದಲಿಗೆ "ತಂದೆಯೇ" ಎಂದು ಸೇರಿಸಿಕೊಂಡು. ಅನೇಕ ಸಭೆಗಳ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಪ್ರತಿ ರಾತ್ರಿ ಹೇಳುವ ಮಾತೂ ಇದೇ. ಅಮ್ಮ ಉಸಿರು ಹೊರಗೆ ಬಿಡುವಾಗ ನಿಧಾನವಾಗಿ ಹೇಳಿ, ಮುಂದಿನ ಮೂರು ನಾಲ್ಕು ಉಸಿರಿಗೆ ಸುಮ್ಮನಿರಿ, ಮತ್ತೆ ಹೇಳಿ. ಕೈ ಹಿಡಿದುಕೊಳ್ಳುವುದಾದರೆ ನಿಮ್ಮ ಕೈ ಮೇಲಿಡಬೇಡಿ, ಅವರ ಅಂಗೈ ಕೆಳಗೆ ಇಡಿ, ಭಾರ ಆಗುವುದಿಲ್ಲ. ತುಟಿ ಒಣಗಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಿ. ಓದಿ ಮುಗಿಯಿತೆಂದು ತಕ್ಷಣ ಎದ್ದುಹೋಗಬೇಡಿ.